ಬರೆದಾಯಿತೆಂಬ ಮಾತು

ಲೋಕವ್ಯವಹಾರದಲ್ಲಿ "ಆಯಿತು" ಎಂಬುದಕ್ಕಿಂತ ಅಗ್ಗವಾದ ಮಾತು ಇನ್ನೊಂದು ದೊರೆಯಲಾರದು. ಬಟ್ಟೆಗೆ ಕತ್ತರಿ ತಗಲುವ ಮುನ್ನವೇ ದರ್ಜಿಯವನು "ಆಯಿತು ಸ್ವಾಮಿ" ಎನ್ನುವನು; ಚಿನ್ನವು ಮೂಸೆಗೆ ಬೀಳುವ ಮುನ್ನವೇ ಅಕ್ಕಸಾಲಿಯು "ಆಯಿತಮ್ಮ" ಎನ್ನುವನು. ಕೆಲಸವು ಮುಗಿಯಿತೆಂದು ಕೇಳಿದವರ ಅರ್ಥ. ಕೆಲಸವನ್ನು ಒಪ್ಪಿಕೊಂಡೆನೆಂದು ಹೇಳಿದವರ ಅರ್ಥ. ಈ ಎರಡು ಅರ್ಥಗಳ ನಡುವಣ ಸಂದಿನಲ್ಲಿ ಎಷ್ಟೋ ಮದುವೆಗಳ ಉಡುಗೆ ತೊಡುಗೆಗಳು ಸಿಕ್ಕಿಕೊಂಡುದನ್ನು ನಾವೆಲ್ಲರೂ ಕಂಡವರೇ. ಮನುಷ್ಯರ ವಿಷಯ ಹಾಗಿರಲಿ, ಯಂತ್ರವಾದರೂ ಇದ್ದುದನ್ನು ಇದ್ದಂತೆ ನುಡಿಯುವುದೆಂದು ನಂಬಿದ್ದ ನಮ್ಮ ಮನೆಯವರಿಗೆ ಹೋದ ಶ್ರಾವಣದಲ್ಲಿ ಒಂದು ಪಾಠವಾಯಿತು. ಅದನ್ನೇ ಈ ತಿಂಗಳಿನ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ.

ನಮ್ಮ ಅತ್ತಿಗೆಯವರ ತಾಯಿಯವರಿಗೆ ಈಗ 84 ವರ್ಷ ವಯಸ್ಸು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು ಎಂದು ಅವರ ನಾಲಗೆಯ ಮೇಲಿರುವ ಹಾಡುಗಳಲ್ಲಿ ಬಹುಭಾಗವನ್ನು ನಾವು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಅತ್ತಿಗೆಯವರು ಒಂದು ವಾರ ತಾಯಿಯ ಬಳಿಯಲ್ಲಿ ಕುಳಿತು 23 ಹಾಡುಗಳನ್ನು ಚಿತ್ರಸಮೇತವಾಗಿ ತಮ್ಮ ಫೋನಿನಲ್ಲಿ ತೆಗೆದುಕೊಂಡು ಬಂದರು. ಅವನ್ನು ನಮ್ಮ ಮನೆಯ ಗಣಕಯಂತ್ರದ ಮೂಲಕ ಒಂದು ಪೆನ್ ಡ್ರೈವಿಗೆ ನಕಲು ಮಾಡಿದರು. ತೆರೆಯ ಮೇಲಿನ ಪಟ್ಟಿಯು ಕೊನೆಯನ್ನು ಮುಟ್ಟಿತು. ನಕಲು ಮುಗಿಯಿತೆಂಬ ಸೂಚನೆಯೂ ಬಂದಿತು. ಊರಿನ ಬಸ್ಸಿಗೆ ಹೊತ್ತಾಗಿದ್ದುದರಿಂದ ಅವರು ಡ್ರೈವನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡು ಹೊರಟರು; ಬಸ್ಸಿನಲ್ಲಿ ಕುಳಿತ ಮೇಲೆ, ಫೋನಿನಲ್ಲಿ ಸ್ಥಳವಿಲ್ಲವೆಂದು, ಅದರೊಳಗಿನ ಮೂಲವನ್ನು ಅಳಿಸಿಬಿಟ್ಟರು. ಊರಿನಲ್ಲಿ ತಮ್ಮನ ಮನೆಯಲ್ಲಿ ತೆರೆದು ನೋಡಿದರೆ 23 ಹೆಸರುಗಳೂ ಸಾಲಾಗಿ ನಿಂತಿವೆ. ಹಾಡುವವು ಮಾತ್ರ 14. ಉಳಿದ 9 ಹೆಸರುಗಳ ಹಿಂದೆ ಏನೂ ಇರಲಿಲ್ಲ.

ಕೆಟ್ಟುದು ಪೆನ್ ಡ್ರೈವೆಂದು ಮನೆಯಲ್ಲಿ ಎಲ್ಲರೂ ಬೈದರು. ಅದು ಕೆಟ್ಟಿರಲಿಲ್ಲ, ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಕೆಟ್ಟುದು "ಆಯಿತು" ಎಂಬ ಮಾತಿಗೆ ನಾವು ಮಾಡಿಕೊಂಡ ಅರ್ಥ.

ಗಣಕಯಂತ್ರದೊಳಗೆ ಎರಡು ಬಗೆಯ ಸಂಗ್ರಹಗಳಿವೆಯೆಂಬುದನ್ನು ವಾಚಕರು ಬಲ್ಲರು. ಒಂದು, ಕೆಲಸ ನಡೆಯುವಾಗ ಮಾತ್ರ ಬಳಸುವ ಸ್ಮೃತಿ. ಇದು ಅತ್ಯಂತ ಚುರುಕಾದುದು. ಆದರೆ ವಿದ್ಯುಚ್ಛಕ್ತಿ ನಿಂತ ಒಡನೆಯೆ ಇದ್ದುದನ್ನೆಲ್ಲ ಮರೆತುಬಿಡುವುದು. ಇನ್ನೊಂದು, ದೀಪ ಹೋದರೂ ಮರೆಯದ ಉಗ್ರಾಣ. ಅಂದರೆ ತಿರುಗುವ ಹಾರ್ಡ್ ಡಿಸ್ಕು, ಅಥವಾ ಫ್ಲ್ಯಾಷ್ ಎಂಬ ಚಿಪ್ಪಿನಿಂದ ಮಾಡಿದ ಎಸ್‌ಎಸ್‌ಡಿ ಹಾಗೂ ಪೆನ್ ಡ್ರೈವುಗಳು. ಇವೆರಡರ ವೇಗದಲ್ಲಿರುವ ಅಂತರವನ್ನು ಲೆಕ್ಕ ಹಾಕಿದಲ್ಲದೆ ಮುಂದಿನ ಮಾತು ತಿಳಿಯದು. ಸಾಮಾನ್ಯವಾದ ಹಾರ್ಡ್ ಡಿಸ್ಕು ನಿಮಿಷಕ್ಕೆ 7,200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುವುದು. ಬರೆಯಬೇಕಾದ ಸ್ಥಳವು ಸೂಜಿಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕಷ್ಟೆ. ಆ ಕಾಲವು ಸೆಕೆಂಡಿನ 240ನೆಯ ಒಂದು ಭಾಗ. ನಮಗೆ ಅದು ಕಣ್ಣೆವೆಯಿಕ್ಕುವಷ್ಟೂ ಇಲ್ಲ. ಆದರೆ ಸ್ಮೃತಿಯಾದರೋ ಒಂದು ಬೇಡಿಕೆಯನ್ನು ಸೆಕೆಂಡಿನ ಸುಮಾರು ಒಂದು ಕೋಟಿಯ ಒಂದು ಭಾಗದಲ್ಲಿ ಪೂರೈಸಬಲ್ಲದು. ಅಂದರೆ ಡಿಸ್ಕಿನ ಒಂದು ಅರ್ಧ ಸುತ್ತಿಗೆ ಕಾಯುವ ಹೊತ್ತಿನಲ್ಲಿ ಸ್ಮೃತಿಯಲ್ಲಿ ನಲವತ್ತು ಸಾವಿರ ಸಲ ಬರೆಯಬಹುದು. ಫ್ಲ್ಯಾಷಿನ ತೊಂದರೆ ಬೇರೊಂದು ಬಗೆಯದು. ಅದರಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಾಗಿ. ಅಳಿಸುವುದಾದರೋ ನೂರಾರು ಪುಟಗಳ ಒಂದು ಕಟ್ಟನ್ನು ಒಟ್ಟಿಗೆ. ಬಿಡಿಬಿಡಿಯಾಗಿ ಬರೆಯುತ್ತ ಹೋದರೆ ಅದು ಬೇಗನೆ ದಣಿಯುವುದು.

ಈಗ ಸಂತೆಯ ದಿನದ ಒಬ್ಬ ಸಾಹುಕಾರನ ಅಂಗಡಿಯನ್ನು ನೆನೆದುಕೊಳ್ಳಿರಿ. ಗಿರಾಕಿಗಳು ಮುತ್ತಿಕೊಂಡಿರುವಾಗ ಅವನು ಪ್ರತಿಯೊಂದು ಪಾವು ಎಣ್ಣೆಗೂ ಖಾತೆಯ ಪುಸ್ತಕವನ್ನು ಬಿಚ್ಚಿ, ಹೆಸರಿನ ಹಾಳೆಯನ್ನು ಹುಡುಕಿ, ಮಸಿಯಲ್ಲಿ ಲೇಖಣಿಯನ್ನದ್ದಿ ಬರೆಯುತ್ತ ಕುಳಿತರೆ ವ್ಯಾಪಾರವು ನಡೆದಂತೆಯೇ. ಆದುದರಿಂದ ಪಕ್ಕದಲ್ಲಿರುವ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು "ಬರಕೊಂಡಿದ್ದೇನೆ, ಹೋಗಿ ಬಾ" ಎನ್ನುವನು. ಬಿಡುವಾದಾಗ ಹಲಗೆಯಲ್ಲಿದ್ದುದನ್ನು ಪುಸ್ತಕಕ್ಕೆ ಇಳಿಸುವನು. ಗಣಕದಲ್ಲಿ ಈ ಸಾಹುಕಾರನ ಸ್ಥಾನದಲ್ಲಿರುವುದು ಆಪರೇಟಿಂಗ್ ಸಿಸ್ಟಮ್ ಎಂಬ ಪಾರುಪತ್ಯಗಾರ. ಹಲಗೆಯೆಂದರೆ ಸ್ಮೃತಿಯ ಒಂದು ಭಾಗ. ಇದಕ್ಕೆ ರೈಟ್ ಕ್ಯಾಶ್ ಎಂದು ಹೆಸರು. ಇದು ರೊಕ್ಕದ ಕ್ಯಾಶ್ ಅಲ್ಲ. ಅಡಗಿಸಿಡುವ ಸ್ಥಳವೆಂಬ ಅರ್ಥದಲ್ಲಿ ಫ್ರೆಂಚ್ ಭಾಷೆಯಿಂದ ಬಂದ ಮಾತು.

ಹಲಗೆಯ ಪದ್ಧತಿಯಿಂದ ಆಗುವ ಉಪಕಾರವು ಅಲ್ಪವಲ್ಲ. ಒಂದೇ ಸಾಲನ್ನು ಹತ್ತು ಬಾರಿ ತಿದ್ದಿದರೆ ಹತ್ತನೆಯ ರೂಪವೊಂದೇ ಪುಸ್ತಕಕ್ಕೆ ಹೋದರೆ ಸಾಕು. ಸ್ವಲ್ಪ ಹೊತ್ತಿನ ಉಪಯೋಗಕ್ಕೆಂದು ಬರೆದು ಅಳಿಸುವ ಕಡತಗಳು ಪುಸ್ತಕವನ್ನು ಮುಟ್ಟದೆಯೇ ಹೋಗಬಹುದು. ಅಲ್ಲದೆ, ಅಂಚೆಯವನು ಕಾಗದಗಳನ್ನು ಬೀದಿಯ ಕ್ರಮದಲ್ಲಿ ಜೋಡಿಸಿಕೊಂಡು ಹೊರಡುವಂತೆ, ಬರೆಯಬೇಕಾದುವನ್ನೆಲ್ಲ ಡಿಸ್ಕಿನ ಮೇಲಿನ ಸ್ಥಳಕ್ರಮದಲ್ಲಿ ಜೋಡಿಸಿ ಒಂದೇ ಓಟದಲ್ಲಿ ಮುಗಿಸಬಹುದು. ಆದ ಕಾರಣ ಈ ಪದ್ಧತಿಯನ್ನೇ ಮೋಸವೆಂದು ತೆಗೆದುಹಾಕತಕ್ಕದ್ದಲ್ಲ. ಇದಿಲ್ಲದಿದ್ದರೆ ನಮ್ಮ ಯಂತ್ರಗಳು ಎತ್ತಿನ ಗಾಡಿಯಂತೆ ಸಾಗುತ್ತಿದ್ದುವು.

ಇನ್ನು ಹಲಗೆಯು ಎಷ್ಟು ಹೊತ್ತು ಅಳಿಸದೆ ಇರುವುದೆಂಬುದು ಪ್ರಶ್ನೆ. 1970ರ ದಶಕದ ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿ 30 ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕಿಗೆ ಇಳಿಸೆಂದು ಎಚ್ಚರಿಸುವ ಒಂದು ಸಣ್ಣ ಕಾರ್ಯಕ್ರಮವೇ ಇದ್ದಿತು. ಯಂತ್ರವನ್ನು ನಿಲ್ಲಿಸುವ ಮುನ್ನ "ಸಿಂಕ್" ಎಂಬ ಆಜ್ಞೆಯನ್ನು ಮೂರು ಸಲ ಕೊಡುವುದು ಅಂದಿನ ಮೇಲ್ವಿಚಾರಕರಲ್ಲಿ ಒಂದು ಆಚಾರವೇ ಆಗಿಹೋಗಿತ್ತು. ಇಂದಿನ ಲಿನಕ್ಸಿನಲ್ಲಿಯೂ ಸಾಮಾನ್ಯ ಏರ್ಪಾಡು ಅದೇ ಜಾಡಿನದು: ಪಾರುಪತ್ಯಗಾರನ ಆಳು 5 ಸೆಕೆಂಡಿಗೊಮ್ಮೆ ಎದ್ದು ನೋಡುವನು, ಹಲಗೆಯ ಮೇಲೆ 30 ಸೆಕೆಂಡಿಗಿಂತ ಹಳೆಯದಾದುದನ್ನು ಇಳಿಸಲು ತೊಡಗುವನು. ತೊಡಗುವನೆಂದೆನೇ ಹೊರತು ಮುಗಿಸುವನೆಂದು ಹೇಳಲಿಲ್ಲ. ಪೆನ್ ಡ್ರೈವು ಸೆಕೆಂಡಿಗೆ 10 ಮೆಗಾಬೈಟನ್ನು ಮಾತ್ರ ನುಂಗಬಲ್ಲುದಾಗಿದ್ದು, ಹಲಗೆಯ ಮೇಲೆ 1,200 ಮೆಗಾಬೈಟು ಕುಳಿತಿದ್ದರೆ, ಇಳಿಸುವುದಕ್ಕೆ ಎರಡು ನಿಮಿಷ ಬೇಕು. ಹಲಗೆಯ ಮೇಲೆ ಬಂದುದನ್ನೇ ಮುಗಿಯಿತೆಂದು ಎಣಿಸುವ ತೆರೆಯ ಪಟ್ಟಿಯು ಆ ಎರಡು ನಿಮಿಷಕ್ಕೆ ಮುನ್ನವೇ ತುಂಬಿ ನಿಲ್ಲುವುದು. ನಮ್ಮ ಅತ್ತಿಗೆಯವರ 9 ಹಾಡುಗಳು ಹೋದುದು ಈ ಎರಡು ನಿಮಿಷಗಳಂಥ ಸಂದಿನಲ್ಲಿ. ಹೆಸರುಗಳ ಪಟ್ಟಿ ಪುಸ್ತಕಕ್ಕೆ ಇಳಿದಿತ್ತು. ಹಾಡುಗಳು ಇನ್ನೂ ಹಲಗೆಯ ಮೇಲಿದ್ದುವು.

ವಿಷಯವು ಇಲ್ಲಿಗೇ ಮುಗಿದಿದ್ದರೆ ಸುಲಭವಾಗಿತ್ತು. ಆದರೆ ಪಾರುಪತ್ಯಗಾರನಿಗೆ ಒಂದು ಹಲಗೆಯಿದ್ದರೆ, ಪುಸ್ತಕವನ್ನು ಬರೆಯುವ ಗುಮಾಸ್ತೆಗೆ ತನ್ನದೇ ಆದ ಇನ್ನೊಂದು ಹಲಗೆಯುಂಟು. ಇಂದಿನ ಹಾರ್ಡ್ ಡಿಸ್ಕುಗಳ ಹೊಟ್ಟೆಯಲ್ಲಿಯೇ 64, 128 ಅಥವಾ 256 ಮೆಗಾಬೈಟಿನಷ್ಟು ಸ್ಮೃತಿಯನ್ನು ಇಟ್ಟಿರುತ್ತಾರೆ. ಪಾರುಪತ್ಯಗಾರನು "ಇದನ್ನು ಬರೆ" ಎಂದು ಕೊಟ್ಟುದನ್ನು ಡಿಸ್ಕು ಈ ಹಲಗೆಯ ಮೇಲೆ ಗೀಚಿಕೊಂಡು "ಬರೆದಾಯಿತು" ಎಂದು ಉತ್ತರ ಕೊಡುವುದು. ಪಾರುಪತ್ಯಗಾರನು ಅದನ್ನು ನಂಬಿ ತನ್ನ ಹಲಗೆಯನ್ನು ಒರೆಸಿಕೊಳ್ಳುವನು. ಆ ಕ್ಷಣದಲ್ಲಿ ದೀಪ ಹೋದರೆ ಲೆಕ್ಕವು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಈ ಎರಡು ಹಲಗೆಗಳೂ ಗೃಹಸ್ಥರನ್ನು ಬಹಿರಂಗವಾಗಿಯೇ ಬಾಧಿಸಿದ ಉದಾಹರಣೆಗಳುಂಟು. 1993ರ ಮಾರ್ಚಿಯಲ್ಲಿ ಹೊರಬಂದ ಎಂಎಸ್-ಡಾಸ್ 6 ಎಂಬ ವ್ಯವಸ್ಥೆಯಲ್ಲಿ ಸ್ಮಾರ್ಟ್‌ಡ್ರೈವ್ ಎಂಬ ಕಾರ್ಯಕ್ರಮವು ಮೊದಲನೆಯ ಹಲಗೆಯನ್ನು ನೋಡಿಕೊಳ್ಳುತ್ತಿತ್ತು. ಆ ಕಾಲದ ಜನರಿಗೆ ಕೆಲಸ ಮುಗಿದು ಆಜ್ಞೆಯ ಗುರುತು ತೆರೆಯ ಮೇಲೆ ಮರಳಿ ಬಂದ ಒಡನೆಯೆ ಯಂತ್ರದ ಗುಂಡಿಯನ್ನು ಆರಿಸುವ ಅಭ್ಯಾಸವಿತ್ತು. ಗುರುತು ಬಂದಿದೆ, ಆದರೆ ಹಲಗೆ ಇಳಿದಿಲ್ಲ. ಹೀಗಾಗಿ ಬರೆದುದನ್ನು ಕಳೆದುಕೊಂಡವರ ದೂರುಗಳು ಬಂದುವು. ಅದೇ ವರ್ಷದ ನವೆಂಬರಿನಲ್ಲಿ ಹೊರಟ 6.2ನೆಯ ಆವೃತ್ತಿಯಲ್ಲಿ, ಹಲಗೆಯಲ್ಲಿದ್ದುದೆಲ್ಲ ಡಿಸ್ಕಿಗೆ ಇಳಿಯುವವರೆಗೆ ಆಜ್ಞೆಯ ಗುರುತು ಮರಳಿ ಬಾರದಂತೆ ಏರ್ಪಡಿಸಿದರು. "ಆಯಿತು" ಎಂಬ ಮಾತನ್ನು ತಡವಾಗಿ ಹೇಳಿಸಿದರು. ಎರಡನೆಯ ಹಲಗೆಯ ತೊಡಕು ವಿಂಡೋಸ್ 98 ಮತ್ತು ವಿಂಡೋಸ್ ಮಿ ಎಂಬುವುಗಳ ಕಾಲದಲ್ಲಿ ಕಾಣಿಸಿಕೊಂಡಿತು. ಯಂತ್ರವು ತನ್ನಷ್ಟಕ್ಕೆ ಆರುವ ಏರ್ಪಾಡು ಅಷ್ಟರಲ್ಲಿ ಬಂದಿದ್ದಿತು. ಡಿಸ್ಕು ತನ್ನ ಹಲಗೆಯನ್ನು ಇಳಿಸಿಕೊಳ್ಳುವ ಮುನ್ನವೇ ಕೆಲವು ಯಂತ್ರಗಳಲ್ಲಿ ವಿದ್ಯುಚ್ಛಕ್ತಿ ನಿಂತುಹೋಗುತ್ತಿತ್ತು. ಅದಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ಹೊರಡಿಸಿದ ಮದ್ದು ಬಹಳ ಸರಳವಾದುದು: ಆರಿಸುವ ಮುನ್ನ ಎರಡು ಸೆಕೆಂಡು ತಡೆದು ನಿಲ್ಲುವುದು.

ಎರಡು ಸೆಕೆಂಡು ಸುಮ್ಮನೆ ಕಾಯುವುದು ಊಹೆಯ ಮದ್ದು. ಕೇಳಿ ತಿಳಿದುಕೊಳ್ಳುವುದು ನಿಜವಾದ ಮದ್ದು. ಅದಕ್ಕೆಂದೇ ಡಿಸ್ಕುಗಳ ಭಾಷೆಯಲ್ಲಿ ಫ್ಲಷ್ ಎಂಬ ಒಂದು ಆಜ್ಞೆಯಿದೆ. "ನಿನ್ನ ಹಲಗೆಯ ಮೇಲೆ ಇರುವುದನ್ನೆಲ್ಲ ಪುಸ್ತಕಕ್ಕೆ ಇಳಿಸು, ಇಳಿಸಿದ ಮೇಲೆಯೇ ಉತ್ತರ ಕೊಡು" ಎಂಬುದು ಅದರ ತಾತ್ಪರ್ಯ. ಎಫ್‌ಯುಎ ಎಂಬ ಇನ್ನೊಂದು ಗುರುತಿದೆ. ಅದನ್ನು ಹೊತ್ತ ಒಂದು ಬರಹವನ್ನು ಮಾತ್ರ ನೇರವಾಗಿ ಪುಸ್ತಕದಲ್ಲಿ ಬರೆಯಬೇಕು, ಉಳಿದುವು ಹಲಗೆಯಲ್ಲಿಯೇ ಇರಬಹುದು. ಈ ಎರಡನ್ನು ಯಾವಾಗ ಪ್ರಯೋಗಿಸಬೇಕೆಂಬ ವಿವೇಚನೆಯಲ್ಲಿಯೇ ಒಳ್ಳೆಯ ಪಾರುಪತ್ಯಗಾರನ ಜಾಣ್ಮೆಯಿರುವುದು. ಪ್ರತಿಯೊಂದು ಅಕ್ಷರಕ್ಕೂ ಫ್ಲಷ್ ಎಂದರೆ ಹಲಗೆಯಿದ್ದೂ ಇಲ್ಲದಂತೆ. ಎಂದಿಗೂ ಎನ್ನದಿದ್ದರೆ ಮನೆಯೇ ಮುಳುಗೀತು.

ಮನೆ ಮುಳುಗುವುದು ಹೇಗೆಂದರೆ, ಕ್ರಮ ತಪ್ಪುವುದರಿಂದ. ಲೆಕ್ಕವನ್ನು ಬಲ್ಲವರಿಗೆ ಕಿರ್ದಿಯೆಂದರೇನು, ಖಾತೆಯೆಂದರೇನು ಎಂಬುದನ್ನು ವಿವರಿಸಬೇಕಾದುದಿಲ್ಲ. ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಆಯಾ ಹೆಸರಿನ ಖಾತೆಗೆ ಏರಿಸುವರು. ಖಾತೆಗೆ ಏರಿಸುವಾಗ ನಡುವೆ ಏನಾದರೂ ತೊಡಕು ಬಂದರೆ ಕಿರ್ದಿಯನ್ನು ನೋಡಿ ಸರಿಪಡಿಸಬಹುದು. 1993ರಲ್ಲಿ ಬಂದ ವಿಂಡೋಸಿನ ಎನ್‌ಟಿಎಫ್‌ಎಸ್, 2001ರಲ್ಲಿ ಲಿನಕ್ಸಿನಲ್ಲಿ ಸೇರಿದ ಎಕ್ಸ್ಟ್3 ಮೊದಲಾದ ಕಡತವ್ಯವಸ್ಥೆಗಳು ಇದೇ ಉಪಾಯವನ್ನು ಅನುಸರಿಸುತ್ತವೆ. ಅದಕ್ಕೆ ಜರ್ನಲ್ ಎಂದು ಹೆಸರು. ಆದರೆ ಗುಮಾಸ್ತೆಯು ತನ್ನ ಹಲಗೆಯಿಂದ ತನಗೆ ಅನುಕೂಲವಾದ ಕ್ರಮದಲ್ಲಿ ಇಳಿಸುವವನಾದುದರಿಂದ, ಖಾತೆಯು ಮೊದಲು ಬದಲಾಗಿ ಕಿರ್ದಿಯು ಬರೆಯದೆ ಉಳಿಯುವ ಸಂಭವವುಂಟು. ಆಗ ದೀಪ ಹೋದರೆ ಸರಿಪಡಿಸಲು ಆಧಾರವೇ ಇಲ್ಲ. ಆದುದರಿಂದ ಪಾರುಪತ್ಯಗಾರನು ಕಿರ್ದಿಗೆ ಬರೆಯಿಸಿ, ಫ್ಲಷ್ ಎಂದು ಹೇಳಿ, ಉತ್ತರ ಬಂದ ಮೇಲೆ ಖಾತೆಯನ್ನು ಮುಟ್ಟಗೊಡುತ್ತಾನೆ. ಲಿನಕ್ಸಿನಲ್ಲಿ ಮೊದಲು ಇದಕ್ಕಾಗಿ ಡಿಸ್ಕಿಗೆ ಹೋಗುವ ಸಾಲನ್ನೇ ತಡೆದು ನಿಲ್ಲಿಸುತ್ತಿದ್ದರು. 2011ರ ಜನವರಿಯಲ್ಲಿ ಹೊರಬಂದ ಆವೃತ್ತಿಯಿಂದ ಈಚೆಗೆ, ಬೇಕಾದ ಬರಹಕ್ಕೆ ಮಾತ್ರ ಕಾದು ಫ್ಲಷ್ ಮತ್ತು ಎಫ್‌ಯುಎಗಳಿಂದ ಅದೇ ಫಲವನ್ನು ಪಡೆಯುತ್ತಾರೆ.

ಕಿರ್ದಿಯಿದ್ದ ಮಾತ್ರಕ್ಕೆ ಎಲ್ಲವೂ ಉಳಿಯುವುದೆಂದು ತಿಳಿಯಲಾಗದು. ಸಾಮಾನ್ಯವಾಗಿ ಅದು ಕಾಪಾಡುವುದು ಮನೆಯ ಗೋಡೆಗಳನ್ನು, ಎಂದರೆ ಯಾವ ಕಡತ ಎಲ್ಲಿದೆಯೆಂಬ ವ್ಯವಸ್ಥೆಯನ್ನು, ಒಳಗಿನ ಸಾಮಾನುಗಳನ್ನಲ್ಲ. 2009ರಲ್ಲಿ ಲಿನಕ್ಸಿನ ಎಕ್ಸ್ಟ್4 ಎಂಬ ಹೊಸ ಕಡತವ್ಯವಸ್ಥೆಯನ್ನು ಬಳಸತೊಡಗಿದ ಕೆಲವರು, ಯಂತ್ರವು ಹಠಾತ್ತಾಗಿ ನಿಂತು ಮತ್ತೆ ಎದ್ದಾಗ, ಹೆಸರು ಉಳಿದು ಒಳಗೆ ಶೂನ್ಯವಾದ ಕಡತಗಳನ್ನು ಕಂಡು ಬೆಚ್ಚಿದರು. ಸ್ಥಳವನ್ನು ಗೊತ್ತುಮಾಡುವುದನ್ನೇ ಕೊನೆಯವರೆಗೆ ಮುಂದೂಡುವ ಹೊಸ ಜಾಣತನದ ಫಲವದು. ಎಕ್ಸ್ಟ್4ರ ಮುಖ್ಯ ಕರ್ತೃಗಳಲ್ಲೊಬ್ಬರಾದ ಥಿಯೊಡೋರ್ ತ್ಸೋ ಎಂಬವರು, ಕಡತವು ಉಳಿಯಲೇಬೇಕೆಂದಿದ್ದರೆ ಕಾರ್ಯಕ್ರಮವನ್ನು ಬರೆದವರು "ಎಫ್‌ಸಿಂಕ್" ಎಂಬ ಬೇಡಿಕೆಯಿಂದ ಅದನ್ನು ಸ್ಪಷ್ಟವಾಗಿ ಕೇಳಬೇಕೆಂದು ವಿವರಿಸಿದರು. ಆದರೂ ಜನರ ರೂಢಿಯನ್ನು ಮನ್ನಿಸಿ, ಹಳೆಯ ಕಡತದ ಮೇಲೆ ಹೊಸದನ್ನು ಬರೆಯುವ ಸಾಮಾನ್ಯ ಸಂದರ್ಭಗಳಲ್ಲಿ ಬೇಗನೆ ಇಳಿಸುವಂತೆ ಅದೇ ವರ್ಷ ತಿದ್ದುಪಡಿಯನ್ನೂ ಮಾಡಿದರು.

ಈ ಎಫ್‌ಸಿಂಕ್ ಎಂಬುದೂ ಎಲ್ಲೆಡೆ ಒಂದೇ ಅರ್ಥದಲ್ಲಿ ನಡೆಯುವುದಿಲ್ಲ. ಆಪಲ್ ಕಂಪೆನಿಯ ಮ್ಯಾಕ್ ಯಂತ್ರಗಳಲ್ಲಿ ಅದು ಬರಹವನ್ನು ಡಿಸ್ಕಿನ ಕೈಗೆ ಕೊಡುವುದೇ ಹೊರತು ಡಿಸ್ಕಿನ ಹಲಗೆಯನ್ನು ಇಳಿಸಲು ಒತ್ತಾಯ ಮಾಡುವುದಿಲ್ಲ. ಅದಕ್ಕೆ ಬೇರೆಯೇ ಒಂದು ಪೂರ್ಣವಾದ ಬೇಡಿಕೆಯುಂಟೆಂದು ಕಂಪೆನಿಯವರು ತಮ್ಮ ಕೈಪಿಡಿಯಲ್ಲಿಯೇ ಹೇಳಿದ್ದಾರೆ. ಹೇಳಿ ಮಾಡುವುದರಲ್ಲಿ ಮೋಸವಿಲ್ಲ. ಆದರೆ 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧವಾದ ಲೆಕ್ಕಪತ್ರಗಳ ವ್ಯವಸ್ಥೆಯನ್ನು ನಿರ್ಮಿಸಿದವರು ಇನ್ನೂ ಅಪಾಯಕರವಾದ ಒಂದು ಸಂಗತಿಯನ್ನು ಬೆಳಕಿಗೆ ತಂದರು. ಹಲಗೆಯಿಂದ ಇಳಿಸುವಾಗ ಡಿಸ್ಕು ಬರೆಯಲಾರದೆ ಹೋದರೆ ಲಿನಕ್ಸ್ ಒಂದು ಸಲ ತಪ್ಪನ್ನು ವರದಿ ಮಾಡುತ್ತಿತ್ತು. ಆದರೆ ಹಲಗೆಯನ್ನು ಇಳಿದಂತೆಯೇ ಗುರುತು ಹಾಕಿಬಿಡುತ್ತಿತ್ತು. ಎರಡನೆಯ ಸಲ ಕೇಳಿದರೆ "ಎಲ್ಲವೂ ಬರೆದಾಯಿತು" ಎಂಬ ಉತ್ತರವೇ ಬರುತ್ತಿತ್ತು. ಸೋತ ಕೆಲಸವನ್ನು ಮತ್ತೊಮ್ಮೆ ಬೇಡಿದರೆ ಸಾಕೆಂದು ವರ್ಷಾಂತರಗಳಿಂದ ನಂಬಿದ್ದವರಿಗೆ ಇದು ಸಿಡಿಲಿನಂತೆ ಎರಗಿತು. 2019ರ ಫೆಬ್ರವರಿಯಿಂದ ಪೋಸ್ಟ್‌ಗ್ರೆಸ್ ಅಂಥ ಸಂದರ್ಭದಲ್ಲಿ ಎರಡನೆಯ ಸಲ ಕೇಳುವುದನ್ನೇ ಬಿಟ್ಟು, ಕೆಲಸವನ್ನು ನಿಲ್ಲಿಸಿ, ತನ್ನ ಕಿರ್ದಿಯಿಂದ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳುವಂತಾಯಿತು.

ಯಂತ್ರದ ಗುಟ್ಟುಗಳು ಇಷ್ಟಾದರೆ ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದಾಗಿ, ಪೆನ್ ಡ್ರೈವನ್ನಾಗಲಿ ಹೊರಗಿನ ಡಿಸ್ಕನ್ನಾಗಲಿ ಕೀಳುವ ಮುನ್ನ "ಸುರಕ್ಷಿತವಾಗಿ ತೆಗೆ" ಎಂಬ ಆಜ್ಞೆಯನ್ನು ಕೊಟ್ಟು, ತೆಗೆಯಬಹುದೆಂಬ ಉತ್ತರ ಬರುವವರೆಗೆ ಕಾಯಬೇಕು. ಈ ಆಜ್ಞೆಯ ಅರ್ಥವೇ ಹಲಗೆಗಳನ್ನು ಇಳಿಸೆಂಬುದು. 2018ರಲ್ಲಿ ಬಂದ ವಿಂಡೋಸ್ 10ರ 1809ನೆಯ ಆವೃತ್ತಿಯಿಂದ ಈಚೆಗೆ, ಹೊರಗಿನಿಂದ ಚುಚ್ಚುವ ಡ್ರೈವುಗಳಿಗೆ ಪಾರುಪತ್ಯಗಾರನು ಹಲಗೆಯನ್ನು ಬಳಸದಿರುವುದೇ ಸಾಮಾನ್ಯ ನಿಯಮವಾಗಿದೆ. ಆದರೂ ಬರೆಯುತ್ತಿರುವಾಗ ಕೀಳುವುದು ಅಲ್ಲಿಯೂ ಅಪಾಯವೇ. ಎರಡನೆಯದಾಗಿ, ಯಂತ್ರವನ್ನು ಗೋಡೆಯ ಗುಂಡಿಯಿಂದ ಆರಿಸದೆ ಕ್ರಮವಾಗಿ ಮುಚ್ಚಬೇಕು. ದೀಪ ಹೋಗಿ ಬರುವ ಊರಿನಲ್ಲಿ ಮೇಜಿನ ಗಣಕಕ್ಕೆ ಒಂದು ಯುಪಿಎಸ್ ಬ್ಯಾಟರಿಯನ್ನು ಇಡುವುದು ಒಳಿತು. ಮಡಿಲ ಗಣಕಕ್ಕೆ ಅದರ ಬ್ಯಾಟರಿಯೇ ಆಸರೆ. ಮೂರನೆಯದಾಗಿ, ವೇಗ ಹೆಚ್ಚುವುದೆಂಬ ಆಸೆಯಿಂದ ವಿಂಡೋಸಿನಲ್ಲಿ ಫ್ಲಷ್ ಮಾಡುವುದನ್ನು ನಿಲ್ಲಿಸುವ ಗುರುತನ್ನು ಒತ್ತಬಾರದು. ಅದು ತನ್ನದೇ ಆದ ವಿದ್ಯುತ್ ಆಸರೆಯುಳ್ಳ ಉಪಕರಣಗಳಿಗೆ ಮಾತ್ರ ತಕ್ಕುದು. ದೊಡ್ಡ ಕಾರ್ಯಾಲಯಗಳಿಗಾಗಿ ಮಾಡುವ ಅನೇಕ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ. ದೀಪ ಹೋದರೂ ಅವುಗಳಲ್ಲಿ ಉಳಿದ ಶಕ್ತಿಯಿಂದ ಹಲಗೆಯನ್ನು ಇಳಿಸಿ ಮುಗಿಸಬಹುದು. ಮನೆಬಳಕೆಯ ಡ್ರೈವುಗಳಲ್ಲಿ ಸಾಮಾನ್ಯವಾಗಿ ಈ ಪೂರ್ಣ ಏರ್ಪಾಡು ಇರುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ನಕಲು ಸರಿಯಾಗಿದೆಯೇ ಎಂದು ಕೂಡಲೇ ತೆರೆದು ನೋಡುವವರುಂಟು. ಅದು ಒಳ್ಳೆಯ ಅಭ್ಯಾಸವೆಂದು ಅವರ ಭಾವನೆ. ಆದರೆ ಪಾರುಪತ್ಯಗಾರನು ಆಗ ತೋರಿಸುವುದು ಪುಸ್ತಕವನ್ನಲ್ಲ, ತನ್ನ ಹಲಗೆಯನ್ನು. ಅದು ಅವನ ಕೈಗೆ ಹತ್ತಿರವಾದುದರಿಂದ. ಹಾಡು ಸೊಗಸಾಗಿ ಕೇಳಿಸುವುದು. ಡ್ರೈವಿನಲ್ಲಿ ಅದು ಇಲ್ಲದೆಯೂ ಇರಬಹುದು. ಆದುದರಿಂದ ಡ್ರೈವನ್ನು ಕ್ರಮವಾಗಿ ತೆಗೆದು, ಮತ್ತೆ ಚುಚ್ಚಿ, ಆಗ ತೆರೆದು ನೋಡಬೇಕು. ಹಾಗೆ ನೋಡುವವರೆಗೆ ಮೂಲವನ್ನು ಅಳಿಸಬಾರದು. ನೋಡಿದ ಮೇಲೂ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟ ಮೇಲೆಯೇ ಅಳಿಸುವುದು ಲೇಸು.

ಅತ್ತಿಗೆಯವರು ಕಾರ್ತಿಕದಲ್ಲಿ ಮತ್ತೊಮ್ಮೆ ಊರಿಗೆ ಹೋಗಿ ಬಂದರು. ಹೋದ 9 ಹಾಡುಗಳಲ್ಲಿ 7ನ್ನು ತಾಯಿಯವರು ಪುನಃ ಹಾಡಿದರು. ಉಳಿದೆರಡರಲ್ಲಿ ಒಂದರ ಪಲ್ಲವಿ ಮಾತ್ರ ಅವರ ನೆನಪಿಗೆ ಬಂದಿತು. ಇನ್ನೊಂದನ್ನು ತಾನು ಹಾಡಿದ್ದೆನೆಂಬುದೇ ಅವರಿಗೆ ನೆನಪಿರಲಿಲ್ಲ. ಈ ಸಲ ಅತ್ತಿಗೆಯವರು ಡ್ರೈವನ್ನು ತೆಗೆದು, ಮತ್ತೆ ಚುಚ್ಚಿ, ಒಂದೊಂದು ಹಾಡನ್ನೂ ಕೊನೆಯವರೆಗೆ ಕೇಳಿದರು. ಅಷ್ಟರಲ್ಲಿ ಊರಿನ ಬಸ್ಸು ಹೋಗಿಬಿಟ್ಟಿತ್ತು. ಅವರು ಮುಂದಿನ ಬಸ್ಸಿಗೆ ಹೋದರು.